ಹಾಲುಹಾದಿಯ ನಡುಮನೆಗೆ ಇಣುಕುವುದು ಹೇಗೆ?

ಹಾಲುಹಾದಿ ನಾವಿರುವ ಗ್ಯಾಲಕ್ಸಿ. ನೆಟ್‌ನಲ್ಲಿ ಗ್ಯಾಲಕ್ಸಿಯ ಕೇಂದ್ರ ಅಂತ ಹುಡುಕಿದರೆ ಮೊದಲು ಸಿಗುವುದು ನೇರಳೆ, ಕಿತ್ತಳೆ, ಹಳದಿ ಎಲ್ಲಾ ಕಲಸಿದ ಒಂದು ಚಿತ್ರ. 2009ರಲ್ಲಿ ಹಬಲ್, ಸ್ಪಿಟ್ಜರ್, ಚಂದ್ರಾ ಎಂಬ ಮೂರು ಬಾಹ್ಯಾಕಾಶ ದೂರದರ್ಶಕಗಳ ಚಿತ್ರಗಳನ್ನು ಸೇರಿಸಿ ಮಾಡಿದ್ದು. ನೋಡಲು ಚೆಂದ, ಇಲ್ಲ ಅನ್ನಲ್ಲ. ಆದರೆ ಅದು ಬಿಸಿಬೇಳೆಬಾತ್ ಇದ್ದ ಹಾಗೆ. ಅಡುಗೆ ಗೊತ್ತಿಲ್ಲದವರಿಗೆ ಅದರಲ್ಲಿ ಏನೇನು ಬಿದ್ದಿದೆ ಅಂತ ತಿಳಿಯುವುದಿಲ್ಲ.

ಹಾಗಾಗಿ ನಾನು ಹೇಳುವ ದಾರಿ ಬೇರೆ. ಆಕಾಶದಲ್ಲಿ ಒಂದೇ ಜಾಗದಲ್ಲಿ ನಿಂತುಕೊಳ್ಳಿ, ಅಲ್ಲಾಡಬೇಡಿ, ಬೆಳಕಿನ ಅಲೆಯುದ್ದವನ್ನು ಮಾತ್ರ ಒಂದೊಂದಾಗಿ ಬದಲಾಯಿಸುತ್ತಾ ಹೋಗಿ. ಬೆಳಕು ಅಲೆಯ ಹಾಗೆ ಸಾಗುತ್ತದೆ, ಒಂದು ಅಲೆಯ ಉದ್ದವೇ ಅಲೆಯುದ್ದ; ರೇಡಿಯೊ, ಎಕ್ಸ್-ರೇ ಕೂಡ ಬೇರೆ ಅಲೆಯುದ್ದದ ಬೆಳಕೇ. ಪ್ರತಿ ಸಲ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈಗ ಏನು ಮಾಯವಾಯಿತು? ಹೊಸದಾಗಿ ಕಂಡಿದ್ದು ತಾನಾಗಿ ಕಣ್ಣಿಗೆ ಬೀಳುತ್ತದೆ. ಮಾಯವಾದದ್ದನ್ನು ಮಾತ್ರ ಹುಡುಕಬೇಕು. ಅರ್ಧ ಪಾಠ ಅದರಲ್ಲೇ ಇರುತ್ತದೆ.

ಬೇಕಾದ ಸಾಮಾನು

ಲ್ಯಾಪ್‌ಟಾಪ್ ಅಥವಾ ದೊಡ್ಡ ಪರದೆಯ ಫೋನ್, ಇಂಟರ್ನೆಟ್, ಸಾಧ್ಯವಾದರೆ ಒಂದು ಬೈನಾಕ್ಯುಲರ್. ಬ್ರೌಸರ್‌ನಲ್ಲಿ ಅಲಾದಿನ್ ಲೈಟ್ (Aladin Lite) ತೆರೆಯಿರಿ. ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿರುವ ಖಗೋಳ ಮಾಹಿತಿ ಕೇಂದ್ರದವರು ಪುಕ್ಕಟೆ ಕೊಟ್ಟಿರುವ ಆಕಾಶದ ನಕ್ಷೆ ಅದು. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಇಎಸ್ಎ ಸ್ಕೈ ಕೂಡ ಇದೇ ಕೆಲಸ ಮಾಡುತ್ತದೆ. ಯಾವುದಾದರೂ ಸರಿ, ನನಗೆ ಅಲಾದಿನ್ ರೂಢಿ.

ಹುಡುಕುವ ಜಾಗದಲ್ಲಿ ಹೀಗೆ ಟೈಪ್ ಮಾಡಿ: 17 45 40 -29 00 28. ಇದು ನಮ್ಮ ಗ್ಯಾಲಕ್ಸಿಯ ನಡುವಿನ ಕಪ್ಪುರಂಧ್ರದ, ಅಂದರೆ ಬೆಳಕನ್ನೂ ಬಿಡದೆ ನುಂಗುವ ವಸ್ತುವಿನ, ವಿಳಾಸ. ಹೆಸರು ಸ್ಯಾಜಿಟೇರಿಯಸ್ ಎ ಸ್ಟಾರ್. ತೂಕ ಸುಮಾರು 40 ಲಕ್ಷ ಸೂರ್ಯರಷ್ಟು, ದೂರ ಸುಮಾರು 27,000 ಜ್ಯೋತಿರ್ವರ್ಷ. ನಿರ್ದೇಶಾಂಕದ ಆಯ್ಕೆಯಲ್ಲಿ ಗ್ಯಾಲಕ್ಟಿಕ್ ಅಂತ ಇರುವುದನ್ನು ಆರಿಸಿದರೆ ಹಾಲುಹಾದಿ ಅಡ್ಡಡ್ಡ ಮಲಗಿಕೊಳ್ಳುತ್ತದೆ, ನೋಡಲು ಸುಲಭ. ಅಳತೆಗೆ ಒಂದು ಲೆಕ್ಕ ತಲೆಯಲ್ಲಿರಲಿ. ಅಷ್ಟು ದೂರದಲ್ಲಿ 1 ಡಿಗ್ರಿ ಅಂದರೆ ಸುಮಾರು 470 ಜ್ಯೋತಿರ್ವರ್ಷ. ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ.

1. ಮೊದಲು ಹೊರಗೆ ಹೋಗಿ

ದಯವಿಟ್ಟು ಈ ಹಂತ ಬಿಡಬೇಡಿ. ಪರದೆ ಮೇಲೆ ನೋಡುವುದು ಯಾವಾಗಲೂ ಇದ್ದೇ ಇದೆ.

ಕರ್ನಾಟಕದಲ್ಲಿರುವವರಿಗೆ ಒಂದು ಲಾಭ, ಒಂದು ನಷ್ಟ. ಲಾಭ ಏನೆಂದರೆ ನಾವು ದಕ್ಷಿಣದಲ್ಲಿದ್ದೇವೆ. ಬೆಂಗಳೂರಿನಲ್ಲಿ ಗ್ಯಾಲಕ್ಸಿಯ ಕೇಂದ್ರ ದಕ್ಷಿಣ ದಿಗಂತದಿಂದ 48 ಡಿಗ್ರಿ ಮೇಲೇರುತ್ತದೆ. ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಎಷ್ಟೇ ಕಪ್ಪಗಿದ್ದರೂ ಅಲ್ಲಿ ಅದು ಏರುವುದು 28 ಡಿಗ್ರಿ ಮಾತ್ರ. ಲಂಡನ್‌ನಲ್ಲಿರುವವರಿಗೆ ಬರೀ 9 ಡಿಗ್ರಿ, ಅಂದರೆ ಎದುರು ಮನೆಯ ಚಾವಣಿಯ ಹಿಂದೆ. ಸಿಡ್ನಿಯ ಕನ್ನಡಿಗರಿಗೆ ಹೆಚ್ಚುಕಡಿಮೆ ನೆತ್ತಿ ಮೇಲೆ, ಅವರು ಪುಣ್ಯವಂತರು. ನಷ್ಟ ಏನೆಂದರೆ ಅದು ನಡುರಾತ್ರಿ ತನ್ನ ಪೂರ್ತಿ ಎತ್ತರಕ್ಕೇರುವ ತಿಂಗಳು ಜೂನ್, ಆಗ ನಮ್ಮಲ್ಲಿ ಮಳೆಗಾಲ.

ಹಾಗಾದರೆ ಯಾವಾಗ? ಎರಡು ಅಮಾವಾಸ್ಯೆ ನೆನಪಿಟ್ಟುಕೊಳ್ಳಿ. ಯುಗಾದಿ ಅಮಾವಾಸ್ಯೆಯ ಆಸುಪಾಸಿನಲ್ಲಿ ಬೆಳಗಿನ ಜಾವ ನಾಲ್ಕೂವರೆ ಹೊತ್ತಿಗೆ, ದಕ್ಷಿಣಕ್ಕೂ ಆಗ್ನೇಯಕ್ಕೂ ನಡುವೆ. ಇಲ್ಲವಾದರೆ ಮಹಾಲಯ ಅಮಾವಾಸ್ಯೆಯ ಸಂಜೆ ಏಳೂವರೆಗೆ ನೈಋತ್ಯದ ಕಡೆ. ಮಹಾಲಯಕ್ಕೆ ಮೋಡದ ಕಾಟ ಇರಬಹುದು, ಆದರೆ ಮಳೆ ತೊಳೆದ ಆಕಾಶ ಒಮ್ಮೆ ಬಿಚ್ಚಿಕೊಂಡರೆ ಅದಕ್ಕೆ ಸಾಟಿಯಿಲ್ಲ. ಊರಿನ ದೀಪಗಳಿಂದ ದೂರ ಹೋಗಿ, ಫೋನ್ ಜೇಬಿನಲ್ಲಿಟ್ಟು ಅರ್ಧ ಗಂಟೆ ಸುಮ್ನೆ ಕೂತುಕೊಳ್ಳಿ. ಕಣ್ಣು ಕತ್ತಲೆಗೆ ಒಗ್ಗಲು ಅಷ್ಟು ಹೊತ್ತು ಬೇಕೇ ಬೇಕು. ನಾನು ಮೊದಲ ಸಲ ಹೋದಾಗ ಹತ್ತು ನಿಮಿಷಕ್ಕೊಮ್ಮೆ ಫೋನ್ ತೆಗೆದು ನಕ್ಷೆ ನೋಡುತ್ತಾ ಇದ್ದೆ. ಅಷ್ಟು ದೂರ ಹೋಗಿ ಏನೂ ಕಾಣಿಸದೆ ವಾಪಸ್ ಬಂದೆ.

ಗುರುತು ಹಿಡಿಯುವುದು ಹೀಗೆ. ದಕ್ಷಿಣಕ್ಕೆ ಮುಖ ಮಾಡಿದರೆ ಚೇಳಿನ ಆಕಾರದ ವೃಶ್ಚಿಕ ರಾಶಿ ಸಿಗುತ್ತದೆ, ಎದೆಯಲ್ಲಿ ಕೆಂಪಗೆ ಜ್ಯೇಷ್ಠಾ ನಕ್ಷತ್ರ. ಚೇಳಿನ ಬಾಲ ಹಿಡಿದು ಬನ್ನಿ. ಕೊನೆಯ ಕೊಂಡಿಯಲ್ಲಿ ಅಕ್ಕಪಕ್ಕ ಎರಡು ನಕ್ಷತ್ರ, ಅದೇ ಮೂಲಾ. ಅದರ ಎಡಕ್ಕೆ ಧನು ರಾಶಿಯ ಎಂಟು ನಕ್ಷತ್ರ ಸೇರಿ ಟೀ ಕೆಟಲ್‌ನ ಹಾಗೆ ಕಾಣುತ್ತವೆ. ಕೆಟಲ್‌ನ ಮೂತಿ ಬಲಕ್ಕೆ ತಿರುಗಿರುತ್ತದೆ. ಕೈ ನೀಳವಾಗಿ ಚಾಚಿ ಮೂರು ಬೆರಳು ಜೋಡಿಸಿ ಹಿಡಿಯಿರಿ. ಮೂತಿಯ ತುದಿಯಿಂದ ಮೂರು ಬೆರಳು ಬಲಕ್ಕೆ, ಒಂಚೂರು ಮೇಲಕ್ಕೆ. ಅಲ್ಲೇ ನಮ್ಮ ನಡುಮನೆ.

ಏನು ಕಾಣುತ್ತದೆ? ಏನೂ ಇಲ್ಲ! ಅಕ್ಕಪಕ್ಕ ಹಾಲುಹಾದಿ ದಟ್ಟವಾಗಿ ಉಬ್ಬಿಕೊಂಡಿರುತ್ತದೆ, ಸರಿಯಾಗಿ ಆ ಜಾಗದಲ್ಲಿ ಮಾತ್ರ ಕಪ್ಪು ಮಸಿ ಬಳಿದ ಹಾಗೆ ಇರುತ್ತದೆ.

ಮೂಲಾ ಅಂದರೆ ಬೇರು, ಗ್ಯಾಲಕ್ಸಿಯ ಕೇಂದ್ರ ಅದೇ ದಿಕ್ಕಿನಲ್ಲಿದೆ, ಅಂದಮೇಲೆ ಹಿಂದಿನವರಿಗೆ ಎಲ್ಲ ಗೊತ್ತಿತ್ತು ಅಂತ ಒಂದು ಮೆಸೇಜ್ ಆಗಾಗ ಓಡಾಡುತ್ತದೆ. ದಿಕ್ಕು ಹತ್ತಿರ ಇರುವುದು ನಿಜ. ಆದರೆ ಕಣ್ಣಿಗೆ ಕಾಣದ, ರೇಡಿಯೊ ಇಲ್ಲದೆ ಪತ್ತೆಯಾಗದ ವಸ್ತುವನ್ನು ಗುರುತಿಸಿದ್ದರು ಅನ್ನುವುದಕ್ಕೆ ಅಷ್ಟು ಸಾಕಾಗುವುದಿಲ್ಲ, ಅಲ್ವಾ?

ಬೈನಾಕ್ಯುಲರ್ ಇದ್ದರೆ ಕೆಟಲ್ ಮೂತಿಯ ತುದಿಯ ಪಕ್ಕದಲ್ಲೇ ನೋಡಿ. ಅಲ್ಲಿ ಧೂಳಿನ ಪರದೆ ಸ್ವಲ್ಪ ತೆಳು. ಬಾಡೆಯ ಕಿಟಕಿ ಅಂತ ಹೆಸರು. 1940ರ ದಶಕದಲ್ಲಿ ವಾಲ್ಟರ್ ಬಾಡೆ ಎಂಬ ಖಗೋಳಜ್ಞ ಆ ಸಂದಿಯಿಂದಲೇ ಗ್ಯಾಲಕ್ಸಿಯ ನಡುವಿನ ಉಬ್ಬಿನ ನಕ್ಷತ್ರಗಳನ್ನು ಅಧ್ಯಯನ ಮಾಡಿದ್ದು. ಅದು ಕೇಂದ್ರದಿಂದ ಸುಮಾರು 4 ಡಿಗ್ರಿ ಆಚೆಗೆ. ನಡುಮನೆ ಕಾಣದಿದ್ದರೂ ಪಕ್ಕದ ಪಡಸಾಲೆಯಾದರೂ ಕಂಡ ಹಾಗೆ.

2. ಮಸಿ ಯಾಕೆ ಅಂತ ಅರ್ಥ ಮಾಡಿಕೊಳ್ಳಿ

ಮನೆಗೆ ಬಂದು ಅಲಾದಿನ್‌ನಲ್ಲಿ ಡಿಎಸ್ಎಸ್ (DSS) ಅಂತ ಇರುವ ಬಣ್ಣದ ನಕ್ಷೆ ಹಾಕಿ, ನೋಟದ ಅಗಲ 1 ಡಿಗ್ರಿ ಇಡಿ. ಇದು ಕಣ್ಣಿಗೆ ಕಾಣುವ ಬೆಳಕು. ಅಲ್ಲಿ ಚದುರಿದ ನಕ್ಷತ್ರಗಳೆಲ್ಲ ನಮಗೂ ಕೇಂದ್ರಕ್ಕೂ ನಡುವೆ ಇರುವವು. ಕೇಂದ್ರದಿಂದ ಹೊರಟ ಲಕ್ಷ ಕೋಟಿ ಬೆಳಕಿನ ಕಣಗಳಲ್ಲಿ ಹೆಚ್ಚುಕಡಿಮೆ ಒಂದು ಮಾತ್ರ ನಮ್ಮವರೆಗೆ ಬರುತ್ತದೆ. ಉಳಿದದ್ದನ್ನೆಲ್ಲ ದಾರಿಯ ಧೂಳು ನುಂಗಿ ಹಾಕುತ್ತದೆ. ಎಷ್ಟು ದೊಡ್ಡ ದೂರದರ್ಶಕ ಕಟ್ಟಿದರೂ ಈ ಬೆಳಕಿನಲ್ಲಿ ಪ್ರಯೋಜನವಿಲ್ಲ.

ಈ ಧೂಳು ನಮ್ಮ ರಸ್ತೆಯ ಧೂಳಲ್ಲ. ಕಟ್ಟಿಗೆ ಒಲೆಯ ಹೊಗೆಯಷ್ಟು ನುಣ್ಣಗೆ, ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಚಿಕ್ಕ ಕಣಗಳು. ಕಣದ ಗಾತ್ರಕ್ಕೂ ಬೆಳಕಿನ ಅಲೆಯುದ್ದಕ್ಕೂ ಹೊಂದಿಕೆಯಾದರೆ ಬೆಳಕು ಚದುರಿಹೋಗುತ್ತದೆ. ಅಲೆ ಕಣಕ್ಕಿಂತ ತುಂಬ ಉದ್ದವಾದರೆ ಕಣ ಇದೆ ಅನ್ನುವುದೇ ಗೊತ್ತಾಗದ ಹಾಗೆ ದಾಟಿ ಬರುತ್ತದೆ.

ಇಲ್ಲೊಂದು ಆಟ. ಟಿವಿ ರಿಮೋಟ್ ಅನ್ನು ಫೋನ್ ಕ್ಯಾಮೆರಾಗೆ ತೋರಿಸಿ ಗುಂಡಿ ಒತ್ತಿ. ಕಣ್ಣಿಗೆ ಕಾಣದ ದೀಪ ಪರದೆಯಲ್ಲಿ ಮಿನುಗಬಹುದು, ಮುಂದಿನ ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣುತ್ತದೆ. ಅದೇ ಅವಕೆಂಪು ಬೆಳಕು. ಹಾಗಾದರೆ ಈ ಕ್ಯಾಮೆರಾ ಇಟ್ಟುಕೊಂಡೇ ಗ್ಯಾಲಕ್ಸಿಯ ಕೇಂದ್ರ ಹಿಡಿಯಬಹುದಾ ಅಂತ ಕೇಳುತ್ತೀರಿ. ಆಗಲ್ಲ. ಫೋನಿನ ಸಿಲಿಕಾನ್ ಸೆನ್ಸರ್ 1 ಮೈಕ್ರಾನ್ ಹತ್ತಿರ ಬರುವಷ್ಟರಲ್ಲಿ ಕುರುಡಾಗುತ್ತದೆ, ಧೂಳು ಸರಿಯಾಗಿ ತೆರವಾಗುವುದು 2 ಮೈಕ್ರಾನ್ ದಾಟಿದ ಮೇಲೆ. ಕ್ಯಾಮೆರಾದಲ್ಲಿ ಅವಕೆಂಪನ್ನು ತಡೆಯುವ ಫಿಲ್ಟರ್ ತೆಗೆಸಲು ದುಡ್ಡು ಸುರಿಯುವ ಮುಂಚೆ ಇದು ಗೊತ್ತಿರಲಿ.

3. ಅವಕೆಂಪು: ಪರದೆ ಸರಿಯಿತು

ಈಗ ಜಾಗ ಬದಲಾಯಿಸದೆ ನಕ್ಷೆಯನ್ನು ಮಾತ್ರ ಟೂ ಮಾಸ್ (2MASS) ಎಂಬುದಕ್ಕೆ ಬದಲಿಸಿ. ಅರಿಜೋನಾ ಮತ್ತು ಚಿಲಿಯ ಬೆಟ್ಟಗಳ ಮೇಲಿಂದ 1997ರಿಂದ 2001ರವರೆಗೆ ಇಡೀ ಆಕಾಶವನ್ನು 1.25, 1.65, 2.17 ಮೈಕ್ರಾನ್‌ಗಳಲ್ಲಿ ಸೆರೆ ಹಿಡಿದದ್ದು ಇದು. ಮಸಿ ಬಳಿದ ಜಾಗದಲ್ಲಿ ಒಮ್ಮೆಲೇ ನಕ್ಷತ್ರಗಳ ಜಾತ್ರೆ. ಎರಡು ನಕ್ಷೆಗಳ ನಡುವೆ ನಾಲ್ಕೈದು ಸಲ ಹಿಂದೆಮುಂದೆ ಹೋಗಿ. ಮೊದಲ ಸಲ ಇದನ್ನು ಮಾಡಿದಾಗ ನಾನು ನಕ್ಷೆ ತಪ್ಪಾಗಿ ಬೇರೆ ಜಾಗಕ್ಕೆ ಜಾರಿದೆ ಅಂದುಕೊಂಡು ನಿರ್ದೇಶಾಂಕ ಮತ್ತೆ ಟೈಪ್ ಮಾಡಿದ್ದೆ.

ಬಣ್ಣ ಓದುವುದನ್ನು ಇಲ್ಲೇ ಕಲಿತುಬಿಡಿ. ಇವು ನಿಜವಾದ ಬಣ್ಣಗಳಲ್ಲ, ಚಿಕ್ಕ ಅಲೆಗೆ ನೀಲಿ, ದೊಡ್ಡದಕ್ಕೆ ಕೆಂಪು ಅಂತ ಹಚ್ಚಿದ್ದು. ಧೂಳು ಚಿಕ್ಕ ಅಲೆಯನ್ನು ಹೆಚ್ಚು ತಿನ್ನುತ್ತದೆ. ಹಾಗಾಗಿ ನೀಲಿಯಾಗಿ ಕಂಡ ನಕ್ಷತ್ರ ಸಾಮಾನ್ಯವಾಗಿ ಧೂಳಿನ ಈಚೆ, ನಮ್ಮ ಕಡೆಗಿದೆ. ಕೆಂಪಾದಷ್ಟೂ ಹೆಚ್ಚು ಧೂಳಿನ ಹಿಂದಿದೆ. ಒಂದು ಚಪ್ಪಟೆ ಚಿತ್ರದಲ್ಲಿ ಆಳ ಕಾಣಲು ಇದಕ್ಕಿಂತ ಸುಲಭದ ಉಪಾಯ ನನಗೆ ಗೊತ್ತಿಲ್ಲ.

2.2 ಮೈಕ್ರಾನ್‌ನಲ್ಲಿ ಕೇಂದ್ರದ ಬೆಳಕಿನ ಸುಮಾರು ಹತ್ತನೇ ಒಂದು ಪಾಲು ನಮಗೆ ತಲುಪುತ್ತದೆ. ಲಕ್ಷ ಕೋಟಿಯಲ್ಲಿ ಒಂದು ಎಲ್ಲಿ, ಹತ್ತರಲ್ಲಿ ಒಂದು ಎಲ್ಲಿ! ಈ ಕಿಂಡಿಯಿಂದಲೇ ರೈನ್‌ಹಾರ್ಡ್ ಗೆಂಜೆಲ್ ತಂಡ ಚಿಲಿಯಿಂದ, ಆಂಡ್ರಿಯಾ ಗೆಜ್ ತಂಡ ಹವಾಯಿಯಿಂದ 1990ರ ದಶಕದಿಂದ ಕೇಂದ್ರದ ನಕ್ಷತ್ರಗಳ ಬೆನ್ನು ಹತ್ತಿದ್ದು. 2020ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ರೋಜರ್ ಪೆನ್‌ರೋಸ್ ಅವರಿಗೆ, ಇನ್ನರ್ಧ ಇವರಿಬ್ಬರಿಗೆ ಹಂಚಿಕೆಯಾಯಿತು. ಎರಡೂ ತಂಡಗಳ ವಿಡಿಯೊಗಳು ನೆಟ್‌ನಲ್ಲಿವೆ, ಹುಡುಕಿ ನೋಡಿ. ಎಸ್2 ಎಂಬ ನಕ್ಷತ್ರದ ಮೇಲೆ ಕಣ್ಣಿಡಿ. ಅದಕ್ಕೆ ಒಂದು ಸುತ್ತಿಗೆ 16 ವರ್ಷ. 2018ರ ಮೇ ತಿಂಗಳಲ್ಲಿ ಕಪ್ಪುರಂಧ್ರದ ಹತ್ತಿರ ಹಾದುಹೋದಾಗ ಅದರ ವೇಗ ಸೆಕೆಂಡಿಗೆ 7,000 ಕಿ.ಮೀ. ದಾಟಿತ್ತು. ವಿಡಿಯೊವನ್ನು ಅಲ್ಲೇ ನಿಲ್ಲಿಸಿ, ನಕ್ಷತ್ರ ಯಾವುದರ ಸುತ್ತ ತಿರುಗುತ್ತಿದೆ ಅಂತ ನೋಡಿ. ಅಷ್ಟು ದೊಡ್ಡ ನಕ್ಷತ್ರವನ್ನು ಬುಗುರಿಯ ಹಾಗೆ ತಿರುಗಿಸುವಂಥದ್ದು ಅಲ್ಲಿ ಏನೂ ಕಾಣುವುದಿಲ್ಲ.

4. ಇನ್ನೂ ಉದ್ದದ ಅವಕೆಂಪು: ಧೂಳೇ ಉರಿಯುತ್ತದೆ

ಸ್ಪಿಟ್ಜರ್‌ನ ಗ್ಲಿಂಪ್ಸ್ (GLIMPSE) ನಕ್ಷೆ ಹಾಕಿ. ಅಲೆಯುದ್ದ 8 ಮೈಕ್ರಾನ್ ಹತ್ತಿರ ಬಂದಾಗ ಆಟ ತಿರುಗಿಬೀಳುತ್ತದೆ. ಇಲ್ಲಿಯವರೆಗೆ ಬೆಳಕನ್ನು ತಡೆಯುತ್ತಿದ್ದ ಧೂಳು, ಹೊಗೆಮಸಿಯ ಜಾತಿಯ ಇಂಗಾಲದ ಅಣುಗಳು, ಈಗ ತಾವೇ ಹೊಳೆಯುತ್ತವೆ. ನಕ್ಷತ್ರಗಳು ಮಂಕಾಗುತ್ತವೆ, ಮೋಡಗಳು ಎದ್ದು ಕಾಣುತ್ತವೆ.

ಈಗ ಕೇಂದ್ರದಿಂದ ಎಡಕ್ಕೆ ಕಾಲು ಡಿಗ್ರಿ ಸರಿಯಿರಿ. ಗ್ಯಾಲಕ್ಟಿಕ್ ನಿರ್ದೇಶಾಂಕದಲ್ಲಿ 0.253 +0.016. ಹೊಳೆಯುವ ಹಿನ್ನೆಲೆಯಲ್ಲಿ ಒಂದು ಕಪ್ಪು ತುಂಡು ಕಾಣುತ್ತದೆ. ಖಗೋಳಜ್ಞರು ಅದನ್ನು ಇಟ್ಟಿಗೆ ಅಂತಲೇ ಕರೆಯುತ್ತಾರೆ. ಲಕ್ಷ ಸೂರ್ಯರಿಗಿಂತ ಜಾಸ್ತಿ ತೂಕದ ಮೋಡ. ಅಷ್ಟು ಸಾಮಾನಿದ್ದರೂ ಹೊಸ ನಕ್ಷತ್ರಗಳು ಹುಟ್ಟುತ್ತಿರುವುದು ತೀರಾ ಕಡಿಮೆ. ಯಾಕೆ ಅನ್ನುವ ಚರ್ಚೆ ಇನ್ನೂ ನಡೆಯುತ್ತಿದೆ. ಈಗ ಹರ್ಷೆಲ್ ದೂರದರ್ಶಕದ ನಕ್ಷೆಗೆ ಬದಲಿಸಿ. ಇದು ನೂರಾರು ಮೈಕ್ರಾನ್‌ನ ಬೆಳಕು. ಕಪ್ಪಗಿದ್ದ ಅದೇ ಇಟ್ಟಿಗೆ ಇಲ್ಲಿ ಹೊಳೆಯುತ್ತದೆ! ತಣ್ಣನೆಯ ಧೂಳು ಹೊಳೆಯುವ ಅಲೆಯುದ್ದ ಇದೇ. ಇಡೀ ಪ್ರಯಾಣದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು.

5. ರೇಡಿಯೊ

ಕಥೆ ಶುರುವಾದದ್ದು ಇಲ್ಲಿಂದಲೇ. 1930ರ ದಶಕದ ಆರಂಭದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಬೆಲ್ ಪ್ರಯೋಗಾಲಯದ ಕಾರ್ಲ್ ಜಾನ್ಸ್ಕಿ ಸಾಗರದಾಚೆಯ ಟೆಲಿಫೋನ್ ಕರೆಗಳಲ್ಲಿ ಬರುವ ಗೊರಗೊರ ಸದ್ದು ಎಲ್ಲಿಂದ ಅಂತ ಹುಡುಕುತ್ತಿದ್ದರು. 20.5 ಮೆಗಾಹರ್ಟ್ಜ್‌ನಲ್ಲಿ ಒಂದು ಸಣ್ಣ ಸದ್ದು ದಿನಾ ಬರುತ್ತಿತ್ತು, ಆದರೆ 24 ಗಂಟೆಗೊಮ್ಮೆ ಅಲ್ಲ, 23 ಗಂಟೆ 56 ನಿಮಿಷಕ್ಕೊಮ್ಮೆ. ಅದು ನಕ್ಷತ್ರಗಳ ದಿನ. ಅಂದರೆ ಸದ್ದು ಭೂಮಿಯದ್ದಲ್ಲ, ಸೂರ್ಯನದ್ದೂ ಅಲ್ಲ. ದಿಕ್ಕು ಧನು ರಾಶಿ. ಕೇಂದ್ರದ ಆ ಒಂದು ಚುಕ್ಕೆಯನ್ನು ಬೇರೆಯಾಗಿ ಗುರುತಿಸಿದ್ದು 1974ರಲ್ಲಿ, ಬ್ರೂಸ್ ಬಾಲಿಕ್ ಮತ್ತು ರಾಬರ್ಟ್ ಬ್ರೌನ್.

ನಮ್ಮ ಗೌರಿಬಿದನೂರಿಗೂ ಇದರಲ್ಲಿ ಪಾಲಿದೆ. ಅಲ್ಲಿನ ಬಯಲಿನಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರಕ್ಕೆ ಸುಮಾರು ಸಾವಿರ ಆಂಟೆನಾ ನಿಲ್ಲಿಸಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಯವರು 34.5 ಮೆಗಾಹರ್ಟ್ಜ್‌ನಲ್ಲಿ ಆಕಾಶದ ನಕ್ಷೆ ಮಾಡಿದ್ದರು. ಅಲೆಯ ಉದ್ದ ಹೆಚ್ಚುಕಡಿಮೆ 9 ಮೀಟರ್. ಇಷ್ಟು ಉದ್ದದ ಅಲೆಯಲ್ಲಿ ಬಿಸಿ ಅನಿಲದ ಮೋಡಗಳು ಹಿಂದಿನ ಹೊಳಪನ್ನು ತಡೆಯುತ್ತವೆ. ಅಲೆ ಉದ್ದವಾದಷ್ಟೂ ಎಲ್ಲಾ ಚೊಕ್ಕವಾಗಿ ಕಾಣುತ್ತದೆ ಅಂದುಕೊಂಡವರಿಗೆ ಇದೊಂದು ಪೆಟ್ಟು.

ಈಗ ದಕ್ಷಿಣ ಆಫ್ರಿಕಾದ ಮೀರ್‌ಕ್ಯಾಟ್ ದೂರದರ್ಶಕ 2022ರಲ್ಲಿ ಹೊರತಂದ ಕೇಂದ್ರದ ಚಿತ್ರ ಹುಡುಕಿ. 64 ತಟ್ಟೆಗಳು, 1.28 ಗಿಗಾಹರ್ಟ್ಜ್. ಪೂರ್ತಿ ಗಾತ್ರದ ಕಡತ ಇಳಿಸಿಕೊಂಡು ದೊಡ್ಡದು ಮಾಡಿ ಮೆಲ್ಲಗೆ ಓಡಾಡಿ. ನಕ್ಷತ್ರಗಳು ಒಂದೂ ಇಲ್ಲ! ಅದರ ಬದಲು ಕುಂಚದಿಂದ ಎಳೆದ ಹಾಗೆ ಎಳೆ ಎಳೆ ಗೆರೆಗಳು. ನಡುವೆ ಉರಿಯುವ ಗಡ್ಡೆಯೊಳಗೆ ಕಪ್ಪುರಂಧ್ರ ಇದೆ. ಅದರ ಎಡಕ್ಕೆ ವೀಣೆಯ ತಂತಿಗಳ ಹಾಗೆ ನೆಟ್ಟಗೆ ನಿಂತ ಎಳೆಗಳ ಗುಂಪು ಕಾಣುತ್ತದೆ, 1984ರಲ್ಲಿ ಮೊದಲು ಸಿಕ್ಕಿದ್ದು ಅದೇ. ಅಯಸ್ಕಾಂತ ಕ್ಷೇತ್ರದ ಗುಂಟ ಬೆಳಕಿನ ವೇಗದ ಹತ್ತಿರ ಓಡುವ ಎಲೆಕ್ಟ್ರಾನ್‌ಗಳು ಈ ಗೆರೆಗಳನ್ನು ಬರೆಯುತ್ತವೆ. ದುಂಡಗಿನ ಗುಳ್ಳೆಗಳು ಸ್ಫೋಟಿಸಿದ ನಕ್ಷತ್ರಗಳ ಪಳೆಯುಳಿಕೆ. ಹಾವು ಅಂತ ಹೆಸರಿರುವ ಉದ್ದನೆಯ ಎಳೆಯನ್ನೂ, ಬಾಲ ಎಳೆದುಕೊಂಡು ಓಡುವ ಇಲಿಯನ್ನೂ ಹುಡುಕಿ. ಮಕ್ಕಳಿದ್ದರೆ ಅವರನ್ನು ಕೂರಿಸಿಕೊಳ್ಳಿ, ನಮಗಿಂತ ಮುಂಚೆ ಅವರಿಗೆ ಸಿಗುತ್ತದೆ.

ಕಪ್ಪುರಂಧ್ರದ ಆ ಕಿತ್ತಳೆ ಬಳೆಯ ಚಿತ್ರವೂ ರೇಡಿಯೊದ್ದೇ, ಅಲೆಯುದ್ದ 1.3 ಮಿಲಿಮೀಟರ್. ಅದಕ್ಕಿಂತ ತುಂಬ ಉದ್ದದ ಅಲೆಯಲ್ಲಿ ನಡುವಿನ ಅನಿಲ ಚಿತ್ರವನ್ನು ಕದಡಿಬಿಡುತ್ತದೆ. ಭೂಮಿಯ ಬೇರೆ ಬೇರೆ ಕಡೆಯ ಎಂಟು ದೂರದರ್ಶಕಗಳು 2017ರ ಏಪ್ರಿಲ್‌ನಲ್ಲಿ ಒಟ್ಟಿಗೆ ನೋಡಿದ್ದವು, ಚಿತ್ರ ಹೊರಬಂದದ್ದು 2022ರ ಮೇ 12ರಂದು. ಸುತ್ತಲಿನ ಅನಿಲ ನಿಮಿಷಗಳಲ್ಲಿ ಜಾಗ ಬದಲಾಯಿಸುತ್ತದೆ, ಕುಣಿಯುವ ಮಗುವಿನ ಫೋಟೊ ತೆಗೆದ ಹಾಗೆ, ಅದಕ್ಕೇ ಅಷ್ಟು ತಡ. ಆ ಬಳೆ ನಮಗೆ ಕಾಣುವ ಗಾತ್ರ ಲೆಕ್ಕ ಹಾಕಿದರೆ, ಚಂದ್ರನ ಮೇಲೆ ಯಾರೋ ಇಟ್ಟ ಹತ್ತು ಸೆಂಟಿಮೀಟರ್‌ನ ಉದ್ದಿನ ವಡೆಯನ್ನು ಇಲ್ಲಿಂದ ನೋಡಿದಷ್ಟು. ತೂತೂ ಇದೆ.

6. ಎಕ್ಸ್-ರೇ, ಗಾಮಾ

ಇವು ನಮ್ಮ ಗಾಳಿಯನ್ನು ದಾಟುವುದಿಲ್ಲ, ಆಕಾಶಕ್ಕೇ ಹೋಗಬೇಕು. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನ ಚಂದ್ರಾ ದೂರದರ್ಶಕ 1999ರಿಂದ ಅಲ್ಲಿದೆ. ಅದರ ನಕ್ಷೆಯಲ್ಲಿ ಧೂಳು ಮೋಡಗಳು ಹೆಚ್ಚುಕಡಿಮೆ ಮಾಯ, ಕೋಟಿ ಡಿಗ್ರಿಯ ಅನಿಲ ಮತ್ತು ಜೋಡಿ ನಕ್ಷತ್ರಗಳ ಚುಕ್ಕೆಗಳು ಉಳಿಯುತ್ತವೆ. ಕಪ್ಪುರಂಧ್ರ ಮಾತ್ರ ಆಶ್ಚರ್ಯವಾಗುವಷ್ಟು ಮಂಕು. ಅದು ಈಗ ಉಪವಾಸದಲ್ಲಿದೆ, ಆಗೊಮ್ಮೆ ಈಗೊಮ್ಮೆ ಮಿಂಚುತ್ತದೆ ಅಷ್ಟೇ. ಆದರೆ ಪಕ್ಕದ ಮೋಡಗಳಲ್ಲಿ ಕಬ್ಬಿಣದ ಪರಮಾಣುಗಳು ಹೊಳೆಯುತ್ತಿವೆ. ಕೆಲವು ನೂರು ವರ್ಷಗಳ ಹಿಂದೆ ಕಪ್ಪುರಂಧ್ರ ಜೋರಾಗಿ ಉರಿದಾಗ ಹೊರಟ ಬೆಳಕು ಮೋಡಕ್ಕೆ ತಾಗಿ, ತಡವಾಗಿ ನಮಗೆ ಬರುತ್ತಿರುವ ಪ್ರತಿಧ್ವನಿ ಅದು.

ಗಾಮಾ ಕಿರಣಕ್ಕೆ ಫರ್ಮಿ ಎಂಬ ಬಾಹ್ಯಾಕಾಶ ದೂರದರ್ಶಕದ ನಕ್ಷೆ ಹಾಕಿ, ನೋಟದ ಅಗಲವನ್ನು 1 ಡಿಗ್ರಿಯಿಂದ 120ಕ್ಕೆ ಏರಿಸಿ. ಹತ್ತಿರದಿಂದ ನೋಡಿದರೆ ಬರೀ ಮಸುಕು. ಕೇಂದ್ರದ ಮೇಲಕ್ಕೂ ಕೆಳಕ್ಕೂ ತಲಾ 25,000 ಜ್ಯೋತಿರ್ವರ್ಷದ ಎರಡು ಗುಳ್ಳೆಗಳಿವೆ, 2010ರಲ್ಲಿ ಪತ್ತೆಯಾದವು. ಸಾಮಾನ್ಯ ನಕ್ಷೆಯಲ್ಲಿ ಅವು ಎದ್ದು ಕಾಣುವುದಿಲ್ಲ. ವಿಜ್ಞಾನಿಗಳು ಮುಂದಿನ ಹೊಳಪನ್ನು ಕಳೆದು ತೆಗೆದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ.

7. ಮಳೆಗಾಲದ ಮನೆಕೆಲಸ

ಜೂನ್‌ನಲ್ಲಿ ಮೋಡ ಅಂತ ಬೇಜಾರಾಗಬೇಡಿ, ರೇಡಿಯೊಗೆ ಮೋಡ ಲೆಕ್ಕಕ್ಕಿಲ್ಲ. ಹೈಡ್ರೋಜನ್ 1420.4 ಮೆಗಾಹರ್ಟ್ಜ್‌ನಲ್ಲಿ, ಅಂದರೆ 21 ಸೆಂ.ಮೀ. ಅಲೆಯಲ್ಲಿ ಮಾತಾಡುತ್ತದೆ. ಕಂಪ್ಯೂಟರ್‌ಗೆ ಚುಚ್ಚಿ ರೇಡಿಯೊ ಅಲೆ ಹಿಡಿಯುವ ಒಂದು ಆರ್‌ಟಿಎಲ್ ಎಸ್‌ಡಿಆರ್ ಡಾಂಗಲ್, ಈ ತರಂಗಕ್ಕೇ ಮಾಡಿದ ಫಿಲ್ಟರ್ ಸಹಿತ ಆಂಪ್ಲಿಫೈಯರ್, ರಟ್ಟಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ ಮಾಡಿದ ಕೊಳವೆಬಾಯಿಯಂಥ ಹಾರ್ನ್ ಆಂಟೆನಾ. ಇಷ್ಟು ಸಾಕು. ಕಪ್ಪುರಂಧ್ರ ಇದರಲ್ಲಿ ಸಿಗುವುದಿಲ್ಲ, ಆ ದಿಕ್ಕಿನ ಅನಿಲದ ಓಟ ಸಿಗುತ್ತದೆ.

ಮೊದಲು ಹಾಲುಹಾದಿಯಿಂದ ದೂರದ ಖಾಲಿ ಆಕಾಶಕ್ಕೆ ಹಾರ್ನ್ ತಿರುಗಿಸಿ ಬರುವ ಸದ್ದಿನ ಹತ್ತು ನಿಮಿಷದ ಸರಾಸರಿ ತೆಗೆದುಕೊಳ್ಳಿ. ಆಮೇಲೆ ಕೇಂದ್ರದ ಕಡೆ ಇನ್ನು ಹತ್ತು ನಿಮಿಷ. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಸರಿಯಾಗಿದ್ದರೆ ಪರದೆಯ ಗ್ರಾಫ್‌ನಲ್ಲಿ ಅಗಲವಾದ ಒಂದು ದಿಬ್ಬ ಏಳುತ್ತದೆ. ಚೂಪಾದ ಸೂಜಿ ಕಂಡರೆ ಖುಷಿಪಡಬೇಡಿ. ನಾನು ಒಂದು ಇಡೀ ವಾರ ಅಂಥ ಸೂಜಿಯನ್ನು ಗ್ಯಾಲಕ್ಸಿ ಅಂದುಕೊಂಡು ಎಲ್ಲರಿಗೂ ತೋರಿಸಿದ್ದೆ, ಕೊನೆಗೆ ಅದು ಟೇಬಲ್ ಮೇಲಿನ ಎಲ್‌ಇಡಿ ಬಲ್ಬಿನ ಕೆಲಸ ಅಂತ ಗೊತ್ತಾಯಿತು. ಗ್ರಾಫ್‌ನ ಸರಿಯಾದ ನಡುವಿನಲ್ಲಿ ನಿಂತ ಸೂಜಿಯಾದರೆ ಅದು ಡಾಂಗಲ್‌ನದೇ. ಟ್ಯೂನಿಂಗ್ ಅನ್ನು ಅರ್ಧ ಮೆಗಾಹರ್ಟ್ಜ್ ಪಕ್ಕಕ್ಕೆ ಸರಿಸಿದರೆ ಅದೂ ಜೊತೆಗೆ ಸರಿಯುತ್ತದೆ, ಹೈಡ್ರೋಜನ್ ಸರಿಯುವುದಿಲ್ಲ.

ಅನಿಲ ನಮ್ಮಿಂದ ದೂರ ಹೋದರೆ ಅದರ ತರಂಗಾಂಕ ಇಳಿಯುತ್ತದೆ, ಹತ್ತಿರ ಬಂದರೆ ಏರುತ್ತದೆ. ಕೇಂದ್ರದ ದಿಕ್ಕಿನಲ್ಲಿ ಹೆಚ್ಚಿನ ಅನಿಲ ನಮಗೆ ಅಡ್ಡಲಾಗಿ ಓಡುತ್ತದೆ, ಹಾಗಾಗಿ ದಿಬ್ಬದ ತುದಿ 1420.4ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಾರ್ನ್ ಅನ್ನು ಹಾಲುಹಾದಿಯ ಗುಂಟ 30 ಡಿಗ್ರಿ ಎಡಕ್ಕೆ ತಿರುಗಿಸಿದರೆ ದಿಬ್ಬದ ಒಂದು ಬದಿ ಕಡಿಮೆ ತರಂಗಾಂಕದ ಕಡೆ ಚಾಚಿಕೊಳ್ಳುತ್ತದೆ, ಅರ್ಧ ಮೆಗಾಹರ್ಟ್ಜ್ ಹತ್ತಿರ ಹತ್ತಿರ. ಅದು ಸೆಕೆಂಡಿಗೆ 100 ಕಿ.ಮೀ. ವೇಗದಲ್ಲಿ ನಮ್ಮಿಂದ ದೂರ ಹೋಗುತ್ತಿರುವ ಅನಿಲ.

ಗುಡುಗು ಮಿಂಚು ಇರುವ ದಿನ ತಾರಸಿಗೆ ಮಾತ್ರ ಹೋಗಬೇಡಿ, ದಕ್ಷಿಣಕ್ಕೆ ತೆರೆಯುವ ಕಿಟಕಿಯಿದ್ದರೆ ಅಲ್ಲಿಂದಲೇ ಪ್ರಯತ್ನಿಸಿ. ಜೂನ್ 20ರ ಆಸುಪಾಸು, ರಾತ್ರಿ 12:15ಕ್ಕೆ, ಹಾರ್ನ್ ಸರಿಯಾಗಿ ದಕ್ಷಿಣಕ್ಕೆ. ಬೆಂಗಳೂರು, ಮಂಗಳೂರಿನಲ್ಲಿ 48 ಡಿಗ್ರಿ ಎತ್ತಿ, ಬೆಳಗಾವಿಯಲ್ಲಿ 45, ಬೀದರ್‌ನಲ್ಲಿ 43. ಮಾರನೇ ದಿನ ಮಾಡುವುದಾದರೆ ನಾಲ್ಕು ನಿಮಿಷ ಮುಂಚೆ ಕೂತುಕೊಳ್ಳಿ, ಜಾನ್ಸ್ಕಿಗೆ ಸಿಕ್ಕಿದ್ದೂ ಅದೇ ನಾಲ್ಕು ನಿಮಿಷ.